ಯೂನಿಯನ್ ಸೇರಿದರೆ ನನಗೊಬ್ಬನಿಗೆ ಸಿಗೋದೇನು?

ಪ್ರಶ್ನೆ: ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ಯಂತ್ರ) ಆಪರೇಟರ್ ಆಗಿದ್ದೇನೆ. ಐಟಿಐ ಮುಗಿಸಿ ಸೇರಿ ಐದು ವರ್ಷ, ಕಾಯಂ ಆಗಿ ಎರಡು ವರ್ಷ. ನಮ್ಮಲ್ಲಿ ಕಾಯಂ ಕೆಲಸಗಾರರು 180, ಗುತ್ತಿಗೆಯವರು 70. ಯೂನಿಯನ್‌ನವರು ತಿಂಗಳಿಗೆ 100 ರೂಪಾಯಿ ಚಂದಾ, ಪಗಾರದ ಒಪ್ಪಂದ ಆದಾಗ 3,000 ರೂಪಾಯಿ ಕೇಳುತ್ತಾರೆ. ಸೂಪರ್‌ವೈಸರ್ ಸಾಹೇಬರು ‘ನಿನ್ನ ಕೆಲಸ ಚಲೋ ಐತಿ, ಅದರಾಗ ಬೀಳಬ್ಯಾಡ, ಮುಂದಿನ ವರ್ಷ ಟೀಮ್ ಲೀಡರ್ ಮಾಡ್ತೀವಿ’ ಅಂದಿದ್ದಾರೆ. ಒಪ್ಪಂದವಾದರೆ ಸದಸ್ಯನಲ್ಲದವನಿಗೂ ಪಗಾರ ಏರುತ್ತದೆ ಎಂದು ಕೇಳಿದ್ದೇನೆ. ಹಾಗಿದ್ದರೆ ಸೇರಿ ನನಗೆ ಆಗುವ ಲಾಭವೇನು?

ಉತ್ತರ: ಸೇರಿರಿ. ಆದರೆ ಪಗಾರ ಏರುತ್ತದೆ ಎಂಬ ಒಂದೇ ಕಾರಣಕ್ಕೆ ಬೇಡ. ಏರಿಕೆಯ ಮಟ್ಟಿಗೆ ನೀವು ಕೇಳಿದ್ದು ಬಹುಪಾಲು ನಿಜ. ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ರಾಜಿ ಸಂಧಾನದಲ್ಲಿ ಆದ ಒಪ್ಪಂದ ಸದಸ್ಯರಿಗೂ ಅಲ್ಲದವರಿಗೂ, ನಾಳೆ ಹೊಸದಾಗಿ ಸೇರುವವನಿಗೂ ಅನ್ವಯಿಸುತ್ತದೆ. ಹಳಬರು ಇದನ್ನು ಈಗಲೂ ‘12(3) ಒಪ್ಪಂದ’ ಎನ್ನುತ್ತಾರೆ. ಅದು 1947ರ ಕೈಗಾರಿಕಾ ವಿವಾದ ಕಾಯ್ದೆಯ ಕಲಮಿನ ಸಂಖ್ಯೆ. ಅಧಿಕಾರಿಯಿಲ್ಲದೆ ಯೂನಿಯನ್ ಮತ್ತು ಆಡಳಿತ ತಾವೇ ಕುಳಿತು ಸಹಿ ಮಾಡಿದ್ದು ‘18(1)’. ಅದು ಸಹಿ ಮಾಡಿದ ಪಕ್ಷದವರನ್ನು ಮಾತ್ರ ಕಟ್ಟಿಹಾಕುತ್ತದೆ. ಹೊರಗಿನವರಿಗೂ ಅದೇ ಪಗಾರ ಕೊಡಬೇಕೆಂದರೆ ಆಡಳಿತ ಒಬ್ಬೊಬ್ಬರಿಂದ ಬೇರೆ ಒಪ್ಪಿಗೆ ಪತ್ರ ಬರೆಸಿಕೊಳ್ಳುತ್ತದೆ. ಆ ಪತ್ರದಲ್ಲಿ ಏರಿಕೆಯ ಜೊತೆ ಬೇರೆ ಷರತ್ತುಗಳೂ ಬಂದು ಕೂತಿರುತ್ತವೆ. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ, ಆದರೂ ಈ ಎರಡು ಬಗೆಯ ವ್ಯತ್ಯಾಸ ಹಾಗೇ ಉಳಿದಿದೆ. ನಿಮ್ಮ ಕಾರ್ಖಾನೆಯ ಹಿಂದಿನ ಒಪ್ಪಂದ ಯಾವ ಬಗೆಯದು ಎಂದು ಮೊದಲು ಕೇಳಿ ತಿಳಿದುಕೊಳ್ಳಿ.

ಇನ್ನು ಲೆಕ್ಕದ ಮಾತು. ಹೊಸ ಸಂಹಿತೆಯ ಪ್ರಕಾರ ಹಾಜರಿ ಪಟ್ಟಿಯಲ್ಲಿರುವ ಕೆಲಸಗಾರರಲ್ಲಿ ಶೇ. 51ರಷ್ಟು ಬೆಂಬಲವಿರುವ ಯೂನಿಯನ್‌ಗೆ ಮಾತ್ರ ಚೌಕಾಶಿಗೆ ಕೂರುವ ಏಕೈಕ ಅಧಿಕಾರ. 180 ಜನರಲ್ಲಿ ಅದು 92. ಯಾರಿಗೂ ಅಷ್ಟು ಬಲವಿಲ್ಲದಿದ್ದರೆ ಶೇ. 20 ಮತ್ತು ಮೇಲ್ಪಟ್ಟು, ಅಂದರೆ ನಿಮ್ಮಲ್ಲಿ 36 ಜನರ ಬೆಂಬಲವಿರುವ ಯೂನಿಯನ್‌ಗಳೆಲ್ಲ ಸೇರಿದ ಸಮಾಲೋಚನಾ ಮಂಡಳಿ ಆಗುತ್ತದೆ. ಮಂಡಳಿಯಲ್ಲಿ ಎರಡು ಯೂನಿಯನ್ ಎರಡು ಮಾತಾಡಿದರೆ ಲಾಭ ಯಾರಿಗೆಂದು ಹೇಳಬೇಕಿಲ್ಲ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನವರಿಗೆ ಈ ತಲೆಯೆಣಿಕೆ ಹೊಸದಲ್ಲ. ರೈಲ್ವೆಯಲ್ಲಿ ಯಾವ ಯೂನಿಯನ್‌ಗೆ ಮಾನ್ಯತೆ ಎಂಬುದು 2007, 2013 ಮತ್ತು 2024ರಲ್ಲಿ ಗುಪ್ತ ಮತದಾನದಿಂದ ತೀರ್ಮಾನವಾಗಿದೆ. ನೂರೆಂಬತ್ತು ಜನರ ಕಾರ್ಖಾನೆಯಲ್ಲಿ ಒಂದು ಹೆಸರಿನ ತೂಕ ದೊಡ್ಡದು. ‘ಹೇಗೂ ಸಿಗುತ್ತದಲ್ಲ’ ಎಂದು 89 ಜನ ಹೊರಗೆ ಕೂತರೆ ಒಳಗೆ ಉಳಿಯುವವರು 91, ಒಂದು ಕಡಿಮೆ.

ನಿಮ್ಮ ಕಾರ್ಖಾನೆಯ ಗಾತ್ರದಿಂದಲೇ ಹುಟ್ಟುವ ಇನ್ನೊಂದು ವಿಷಯವಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಕಾಯಂ ಮತ್ತು ಗುತ್ತಿಗೆ ಕೂಡಿಸಿದರೂ ನೀವು 250 ಜನ. ಪಾಳಿ, ರಜೆ, ವರ್ಗಾವಣೆ, ಶಿಸ್ತುಕ್ರಮದ ನಿಯಮಗಳನ್ನು ಪ್ರಮಾಣೀಕರಿಸಿ ಇಡಲೇಬೇಕೆಂಬ ಕಡ್ಡಾಯ ಹೊಸ ಸಂಹಿತೆಯಲ್ಲಿ 300 ಕೆಲಸಗಾರರಿಂದ ಶುರುವಾಗುತ್ತದೆ. ಕಾರ್ಖಾನೆ ಮುಚ್ಚಲು, ಜನ ಕಡಿಮೆ ಮಾಡಲು ಸರಕಾರದ ಮುಂಚಿತ ಅನುಮತಿ ಬೇಕೆಂಬ ನಿಯಮಕ್ಕೂ ಈಗ ಅದೇ 300ರ ಗೆರೆ. ಮೊದಲು ಅದು 100 ಇತ್ತು. ಹೀಗಾಗಿ ನಿಮ್ಮಂಥ ಕಡೆ ‘ರಾತ್ರಿ ಪಾಳಿ ವಾರಕ್ಕೊಮ್ಮೆ ಬದಲಾಗಬೇಕು’, ‘ಒಂದು ವಿಭಾಗದಿಂದ ಇನ್ನೊಂದಕ್ಕೆ ಹಾಕುವ ಮುಂಚೆ ಇಷ್ಟು ದಿನದ ನೋಟಿಸ್ ಕೊಡಬೇಕು’ ಎಂಬ ಮಾತುಗಳು ಬರಹದಲ್ಲಿ ಸಿಗುವ ಜಾಗ ಒಪ್ಪಂದ ಒಂದೇ. ಅಲ್ಲಿ ಇಲ್ಲದಿದ್ದರೆ ಸಾಹೇಬರು ಬದಲಾದಂತೆ ಪದ್ಧತಿಯೂ ಬದಲಾಗುತ್ತದೆ. ಕೆಲಸದಿಂದ ಕಡಿತ ಮಾಡುವಾಗ ಕೊನೆಗೆ ಬಂದವನು ಮೊದಲು ಹೋಗಬೇಕೆಂಬ ನಿಯಮ ಕಾನೂನಿನಲ್ಲೇ ಇದೆ, ನಿಜ. ಆದರೆ ಅದನ್ನು ಕೆಲಸದ ವರ್ಗವಾರು ನೋಡುತ್ತಾರೆ. ಸಿಎನ್‌ಸಿ ವರ್ಗದ ಜ್ಯೇಷ್ಠತಾ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಬರೆದಿರುವ ದಿನಾಂಕ ಕೆಲಸಕ್ಕೆ ಸೇರಿದ್ದೋ, ಕಾಯಂ ಆದದ್ದೋ ನೋಡಿ. ಆ ಮೂರು ವರ್ಷದ ವ್ಯತ್ಯಾಸ ಒಂದು ದಿನ ದೊಡ್ಡದಾಗಬಹುದು.

ಚಂದಾ ಹಣದ ನಿಜವಾದ ಬೆಲೆ ಗೊತ್ತಾಗುವುದು ನಿಮ್ಮ ಮೇಲೆ ಆರೋಪ ಪಟ್ಟಿ ಬಂದ ದಿನ. ಒಂದು ಸಾಮಾನ್ಯ ಸಂಗತಿ ತೆಗೆದುಕೊಳ್ಳಿ: ರಾತ್ರಿ ಪಾಳಿಯಲ್ಲಿ 40 ಪೀಸ್ ರಿಜೆಕ್ಟ್ ಆಗಿದೆ, ಬೆಳಿಗ್ಗೆ ‘ನಿರ್ಲಕ್ಷ್ಯ’ ಎಂದು ನೋಟಿಸ್, 48 ಗಂಟೆಯಲ್ಲಿ ಉತ್ತರ ಕೊಡಿ ಎಂಬ ಸೂಚನೆ. ಒಬ್ಬನೇ ಇದ್ದಾಗ ಹೆಚ್ಚಿನವರು ಮಾಡುವ ತಪ್ಪು ಒಂದೇ. ‘ಒಂದ್ ಲೆಟರ್ ಬರದು ಕೊಡು, ಮುಗಿಸಿ ಬಿಡೂಣು’ ಎಂಬ ಮಾತು ನಂಬಿ ತಪ್ಪೊಪ್ಪಿಗೆ ಬರೆದು ಕೊಡುತ್ತಾರೆ. ಆ ಕಾಗದ ಕಡತದಲ್ಲಿ ಕೂತಿರುತ್ತದೆ. ಎರಡು ವರ್ಷದ ನಂತರ ಇನ್ನೊಂದು ಆರೋಪ ಬಂದಾಗ ‘ಹಿಂದಿನ ನಡತೆ’ ಎಂದು ಹೊರಗೆ ಬರುತ್ತದೆ.

ಸರಿಯಾದ ದಾರಿ ಹೀಗಿದೆ. ಆ ಪಾಳಿಯ ಮೊದಲ ಪೀಸ್ ತಪಾಸಣೆಯ ವರದಿ, ಟೂಲ್ ಬದಲಾಯಿಸಿದ ದಾಖಲೆ, ಆಫ್‌ಸೆಟ್ (ಯಂತ್ರಕ್ಕೆ ಕೊಡುವ ಟೂಲಿನ ಅಳತೆಯ ಹೊಂದಾಣಿಕೆ) ತಿದ್ದಿದವರು ಯಾರೆಂಬುದು, ಪ್ರೋಗ್ರಾಂ ಸಂಖ್ಯೆ, ಯಂತ್ರದ ಕೊನೆಯ ನಿರ್ವಹಣೆಯ ದಿನಾಂಕ ಇವುಗಳ ಪ್ರತಿ ಕೊಡಿ, ಉತ್ತರಕ್ಕೆ ಸಮಯ ಕೊಡಿ ಎಂದು ಬರಹದಲ್ಲಿ ಕೇಳಬೇಕು. ಕೇಳಿದ್ದಕ್ಕೆ ಸ್ವೀಕೃತಿ ಪಡೆಯಬೇಕು. ವಿಚಾರಣೆ ಶುರುವಾದರೆ ಕನ್ನಡದಲ್ಲೇ ನಡೆಸಿ ಎಂದು ಮೊದಲ ದಿನವೇ ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಬೇಕು. ನಿಮ್ಮ ಪರ ಕೂರುವ ಸಹೋದ್ಯೋಗಿ ಆಫ್‌ಸೆಟ್ ಅಂದರೇನೆಂದು ಗೊತ್ತಿದ್ದವನಾಗಿರಬೇಕು, ಏಕೆಂದರೆ ಪಾಟಿಸವಾಲಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಕಾನೂನಿಗಿಂತ ಹೆಚ್ಚಾಗಿ ಯಂತ್ರದವು: ಹಿಂದಿನ ಪಾಳಿಯ ಕೊನೆಯ ಪೀಸಿನ ಅಳತೆ ಎಷ್ಟಿತ್ತು? ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ) ಎಷ್ಟು ಪೀಸ್ ಓಡಿತ್ತು? ತಪಾಸಣೆಗೆ ಕ್ವಾಲಿಟಿಯವರು ರಾತ್ರಿ ಎಷ್ಟು ಸಲ ಬಂದರು? ಪ್ರತಿ ಪುಟ ಓದಿದ ಮೇಲೆಯೇ ಸಹಿ. ಸಿಟ್ಟಿನಿಂದ ವಿಚಾರಣೆಗೆ ಹೋಗದೆ ಕೂತರೆ ಏಕಪಕ್ಷೀಯವಾಗಿ ಮುಗಿಸುತ್ತಾರೆ. ಅದಾದ ಮೇಲೆ ಸರಿಪಡಿಸುವುದು ಬಹಳ ಕಷ್ಟ.

ಅಮಾನತಿನಲ್ಲಿಟ್ಟರೆ ಮೊದಲ 90 ದಿನ ಪಗಾರದ ಅರ್ಧ, ಆಮೇಲೆ ವಿಳಂಬ ನಿಮ್ಮಿಂದ ಆಗಿರದಿದ್ದರೆ ಶೇ. 75 ಎಂಬ ಜೀವನಾಧಾರ ಭತ್ಯೆಯ ನಿಯಮ ಸಂಹಿತೆಯ ಸ್ಥಾಯಿ ಆದೇಶಗಳ, ಅಂದರೆ ಮೇಲೆ ಹೇಳಿದ ಪ್ರಮಾಣೀಕರಿಸಿದ ನಿಯಮಗಳ, ಅಧ್ಯಾಯದಲ್ಲಿದೆ. ಅಮಾನತಾದ 90 ದಿನದೊಳಗೆ ವಿಚಾರಣೆ ಮುಗಿಸಬೇಕೆಂಬುದೂ ಅಲ್ಲೇ ಇದೆ. ನೀವು 300ಕ್ಕಿಂತ ಕೆಳಗಿರುವುದರಿಂದ ಈ ಎರಡನ್ನೂ ಒಪ್ಪಂದದಲ್ಲೇ ಬರೆಸಿಕೊಂಡಿದ್ದರೆ ವಾದವೇ ಉಳಿಯುವುದಿಲ್ಲ.

ವಜಾ ಆದರೆ ಯೂನಿಯನ್ ಇಲ್ಲದೆಯೂ ಒಬ್ಬ ಕೆಲಸಗಾರ ವಿವಾದ ಎತ್ತಬಹುದು. ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದರೆ ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು, ಆದರೆ ವಜಾ ಆದ ದಿನದಿಂದ 2 ವರ್ಷದೊಳಗೆ. ವಜಾಕ್ಕಿಂತ ಚಿಕ್ಕ ದೂರುಗಳ ದಾರಿ ಬೇರೆ. ಬಡ್ತಿ ತಪ್ಪಿದ್ದು, ರಜೆ ಕತ್ತರಿಸಿದ್ದು, ಓಟಿ ಲೆಕ್ಕ ತಪ್ಪಿದ್ದು ಇಂಥವಕ್ಕೆ 20 ಮತ್ತು ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು. ಅದರಲ್ಲಿ ಹೆಚ್ಚೆಂದರೆ 10 ಜನ, ಆಡಳಿತದವರು ಮತ್ತು ಕೆಲಸಗಾರರು ಸಮಸಮ. ದೂರು ಒಂದು ವರ್ಷದೊಳಗೆ ಕೊಡಬೇಕು, ಸಮಿತಿ 30 ದಿನದಲ್ಲಿ ಮುಗಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಸಂಧಾನಾಧಿಕಾರಿಗೆ ಹೋಗಬಹುದು, ಆದರೆ ತಾನು ಸದಸ್ಯನಾಗಿರುವ ಯೂನಿಯನ್ ಮೂಲಕ ಎಂದು ಸಂಹಿತೆ ಹೇಳುತ್ತದೆ. ನಿಮ್ಮ ಪ್ರಶ್ನೆಗೆ ಕಾನೂನೇ ಕೊಟ್ಟ ಉತ್ತರ ಇದು: ಸದಸ್ಯನಿಗೆ ಎರಡನೆಯ ಮೆಟ್ಟಿಲಿದೆ, ಸದಸ್ಯನಲ್ಲದವನಿಗೆ ಸಮಿತಿಯಲ್ಲೇ ದಾರಿ ಮುಗಿಯುತ್ತದೆ. ನ್ಯಾಯಮಂಡಳಿಯ ಮುಂದೆ ವಕೀಲರು ಬರಬೇಕೆಂದರೂ ಎದುರು ಪಕ್ಷದ ಒಪ್ಪಿಗೆ, ಮಂಡಳಿಯ ಅನುಮತಿ ಎರಡೂ ಬೇಕು. ಯೂನಿಯನ್‌ನ ಪದಾಧಿಕಾರಿಗೆ ಆ ತೊಡಕಿಲ್ಲ.

ಈಗ ಟೀಮ್ ಲೀಡರ್ ವಿಷಯಕ್ಕೆ ಬರೋಣ. ಸಾಹೇಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಸಂಹಿತೆಯ ‘ಕೆಲಸಗಾರ’ ಎಂಬ ವ್ಯಾಖ್ಯೆಯಿಂದ ಮೇಲ್ವಿಚಾರಣೆಯ ಕೆಲಸ ಮಾಡುತ್ತ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವನು ಹೊರಗೆ ಬೀಳುತ್ತಾನೆ. ಹೊರಗೆ ಬಿದ್ದವನಿಗೆ ಒಪ್ಪಂದವೂ ಇಲ್ಲ, ಮೇಲೆ ಹೇಳಿದ ಸಮಿತಿ, ಸಂಧಾನ, ನ್ಯಾಯಮಂಡಳಿಯೂ ಇಲ್ಲ. ಹುದ್ದೆಯ ಹೆಸರಷ್ಟೇ ಬದಲಾದರೆ ಹೀಗಾಗುವುದಿಲ್ಲ. ನ್ಯಾಯಾಲಯಗಳು ನೋಡುವುದು ಮುಖ್ಯವಾಗಿ ಏನು ಕೆಲಸ ಮಾಡುತ್ತಾನೆ ಎಂಬುದನ್ನು. ರಜೆ ಮಂಜೂರು ಮಾಡುವ ಅಧಿಕಾರ ಇದೆಯೇ, ಇತರರಿಗೆ ಕೆಲಸ ಹಂಚುತ್ತಾನೆಯೇ, ಮೆಮೊ ಕೊಡಬಲ್ಲನೇ, ಅಥವಾ ಹೆಸರು ಲೀಡರ್ ಆಗಿದ್ದೂ ಪಾಳಿಯ ಏಳು ತಾಸು ಯಂತ್ರದ ಮುಂದೆಯೇ ನಿಲ್ಲುತ್ತಾನೆಯೇ? ಆದೇಶ ಪತ್ರ ಬಂದಾಗ ಅದರಲ್ಲಿ ಕರ್ತವ್ಯಗಳ ವಿವರ ಕೇಳಿ, ಈ ದರ್ಜೆ ಒಪ್ಪಂದದ ವ್ಯಾಪ್ತಿಯೊಳಗೇ ಇದೆಯೇ ಎಂದು ಬರಹದಲ್ಲಿ ಕೇಳಿ. ಒಳಗೇ ಇದ್ದರೆ ಸಂತೋಷದಿಂದ ಬಡ್ತಿ ತೆಗೆದುಕೊಳ್ಳಿ. ಹೊರಗೆ ಎಂದಾದರೆ ಏರಿದ ಪಗಾರ ಕಳೆದುಕೊಳ್ಳುವ ರಕ್ಷಣೆಗೆ ತಕ್ಕದ್ದೇ ಎಂದು ನೀವೇ ತೂಗಬೇಕು. ‘ಯೂನಿಯನ್ ಸೇರದಿದ್ದರೆ ಬಡ್ತಿ’ ಎಂಬ ಷರತ್ತು ಮಾತ್ರ ಅನುಚಿತ ಕಾರ್ಮಿಕ ಪದ್ಧತಿ. ಅದಕ್ಕೆ 10,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡವಿದೆ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ, ಮೊಬೈಲ್ ಸಂದೇಶ ಬಂದಿದ್ದರೆ ಅಳಿಸಬೇಡಿ. ಹಾಗೇ, ಬೆದರಿಸಿ ಸದಸ್ಯತ್ವ ಮಾಡಿಸುವುದು ಯೂನಿಯನ್ ಕಡೆಯಿಂದಲೂ ಅನುಚಿತ ಪದ್ಧತಿಯೇ.

ಪಗಾರ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಒಪ್ಪಂದದ ದಿನ ಗೇಟಿನ ಮುಂದೆ ಪಟಾಕಿ ಹಾರಿಸಿ ಹೇಳುವ ಅಂಕಿಗೂ ಕೈಗೆ ಬರುವ ಅಂಕಿಗೂ ಇರುವ ಅಂತರ ತಿಳಿದಿರಬೇಕು. ಉದಾಹರಣೆಗೆ ‘9,000 ಏರಿಕೆ’ ಎಂದರೆ ಅನೇಕ ಕಡೆ ಕಂಪನಿಯ ಒಟ್ಟು ಖರ್ಚಿನ ಲೆಕ್ಕದಲ್ಲಿ, ಮೂರು ವರ್ಷಕ್ಕೆ ಹಂಚಿ. 60:20:20 ಎಂದಿದ್ದರೆ ಮೊದಲ ವರ್ಷ 5,400. ಅದರಲ್ಲಿ ಅರ್ಧ, 2,700, ಮೂಲ ವೇತನಕ್ಕೆ ಹೋಯಿತು ಎನ್ನಿ. ಉಳಿದ 2,700ರಲ್ಲೇ ಕಂಪನಿಯ ಪಾಲಿನ ಪಿಎಫ್ ಶೇ. 12, ಅಂದರೆ 324, ಮತ್ತು ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಗೆ ತೆಗೆದಿಡುವ ಶೇ. 4.81, ಸುಮಾರು 130, ಸೇರಿರುತ್ತದೆ. ಭತ್ಯೆಗಳಿಗೆ ಉಳಿದದ್ದು 2,246. ನಿಮ್ಮ ಪಾಲಿನ ಪಿಎಫ್ 324 ಕಡಿತವಾಗಿ ಕೈಗೆ ಬರುವುದು 4,622. ಮೋಸ ಎನ್ನುವಂತಿಲ್ಲ, ಪಿಎಫ್ ನಿಮ್ಮದೇ ಹಣ. ಆದರೆ 9,000 ನಂಬಿ ಬೈಕಿಗೆ ಕಂತು ಕಟ್ಟಿಕೊಂಡವನು ಸಿಕ್ಕಿಬೀಳುತ್ತಾನೆ.

ಹುಡುಗರು ಕೈಗೆ ಹೆಚ್ಚು ಬರಲಿ ಎಂದು ಏರಿಕೆಯನ್ನೆಲ್ಲ ಭತ್ಯೆಗೆ ಹಾಕಿಸುತ್ತಾರೆ. ಇದು ದೊಡ್ಡ ತಪ್ಪು. ಗ್ರಾಚ್ಯುಟಿಯ ಸೂತ್ರ ಕೊನೆಯ ವೇತನ ಗುಣಿಸು 15, ಭಾಗಿಸು 26, ಗುಣಿಸು ಸೇವಾ ವರ್ಷ. ಮೂಲ ವೇತನಕ್ಕೆ ಸೇರಿದ 2,700 ರೂಪಾಯಿ 20 ವರ್ಷದ ಸೇವೆಗೆ 31,154 ರೂಪಾಯಿ ಗ್ರಾಚ್ಯುಟಿ ತರುತ್ತದೆ. 4,500 ಸೇರಿದ್ದರೆ 51,923. ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ ಮೀರಿದ ಭಾಗವನ್ನು ವೇತನವೆಂದೇ ಹಿಡಿಯಬೇಕು ಎಂದು ವೇತನ ಸಂಹಿತೆ ಈಗ ಹೇಳುತ್ತದೆ. ಒಪ್ಪಂದ ಈ ಲೆಕ್ಕಕ್ಕೆ ಹೊಂದಿಕೊಂಡಿದೆಯೇ ನೋಡಬೇಕು. ತುಟ್ಟಿಭತ್ಯೆ ಬೆಲೆ ಸೂಚ್ಯಂಕಕ್ಕೆ ಕಟ್ಟಿಕೊಂಡಿದೆಯೇ, ಇಲ್ಲ ನಿಗದಿತ ಮೊತ್ತವೇ ಎಂಬುದನ್ನೂ ನೋಡಿ. ನಿಗದಿತವಾದರೆ ಮೂರನೆಯ ವರ್ಷದ ಏರಿಕೆಯನ್ನು ಕಿರಾಣಿ ಅಂಗಡಿಯೇ ತಿಂದಿರುತ್ತದೆ.

ಏರಿಕೆಗೆ ಪ್ರತಿಯಾಗಿ ಉತ್ಪಾದನೆಯ ಕಲಮು ಬರುತ್ತದೆ: ಪಾಳಿಗೆ 100 ಪೀಸ್ ಇದ್ದದ್ದು 112. ಇದನ್ನು ಅಳೆದದ್ದು ಹೇಗೆ? ಟೂಲ್ ಬದಲಾವಣೆ, ಚಿಪ್ (ಲೋಹದ ಚೂರು) ತೆಗೆಯುವುದು, ಊಟ, ಪಾಳಿ ಕೊನೆಯ ಶುಚಿ ಇವುಗಳ ಸಮಯ ಬಿಟ್ಟು ಅಳೆದಿದ್ದರೆ ಆ 12 ಪೀಸ್ ನಿಮ್ಮ ಬೆನ್ನಿನಿಂದಲೇ ಬರಬೇಕು. ವಿದ್ಯುತ್ ಹೋದಾಗ, ಕಚ್ಚಾ ಮಾಲು ಬರದಾಗ ಕಡಿಮೆಯಾದದ್ದು ಯಾರ ಲೆಕ್ಕಕ್ಕೆ ಎಂದು ಬರೆಸದಿದ್ದರೆ ಪ್ರೋತ್ಸಾಹ ಧನ ನಿಮ್ಮದೇ ಕಡಿತವಾಗುತ್ತದೆ. ಒಪ್ಪಂದಕ್ಕೆ ಸಹಿಯಾದ ಮೇಲೆ ಒಂದೇ ಕಲಮು ಹಿಡಿದು ಕೋರ್ಟಿಗೆ ಹೋಗಿ ಗೆಲ್ಲುವುದು ಅಪರೂಪ. ಬಹುಸಂಖ್ಯಾತರು ಒಪ್ಪಿದ ಒಪ್ಪಂದವನ್ನು ಇಡಿಯಾಗಿ ನೋಡಿ ನ್ಯಾಯವೋ ಅಲ್ಲವೋ ಹೇಳಬೇಕು, ತುಂಡು ತುಂಡಾಗಿ ಅಲ್ಲ ಎಂದು ಸುಪ್ರೀಂ ಕೋರ್ಟ್ 1976ರ ಹರ್ಬರ್ಟ್‌ಸನ್ಸ್ ಪ್ರಕರಣದಲ್ಲೇ ಹೇಳಿದೆ. ಆದ್ದರಿಂದ ಮಾತಾಡಬೇಕಾದದ್ದು ಸಹಿಗೆ ಮುಂಚಿನ ಸಾಮಾನ್ಯ ಸಭೆಯಲ್ಲಿ. ಅಲ್ಲಿ ಮಾತಾಡಲು ಸದಸ್ಯನೇ ಆಗಿರಬೇಕು.

ಒಬ್ಬ ಒಳ್ಳೆಯ ಕುಶಲಕರ್ಮಿಗೆ ಯೂನಿಯನ್‌ನಿಂದ ನಷ್ಟವಾಗುವ ಜಾಗವೂ ಇದೆ. ಏರಿಕೆ, ಬಡ್ತಿ ಎಲ್ಲ ಬರೀ ಸೇವಾ ವರ್ಷದ ಮೇಲೆ ನಿಂತರೆ, ಐದು ಅಕ್ಷದ ಯಂತ್ರಕ್ಕೆ ಪ್ರೋಗ್ರಾಂ ಬರೆಯಬಲ್ಲವನಿಗೂ ಗುಂಡಿ ಒತ್ತುವವನಿಗೂ ಒಂದೇ ದರ್ಜೆ. ಅದಕ್ಕೆ ಪರಿಹಾರ ಹೊರಗೆ ನಿಲ್ಲುವುದಲ್ಲ. ಒಪ್ಪಂದದಲ್ಲಿ ಕೌಶಲ್ಯ ದರ್ಜೆ, ಅದಕ್ಕೊಂದು ಪರೀಕ್ಷೆ, ಪರೀಕ್ಷೆಗೆ ಕೂರುವ ಹಕ್ಕು ಬರೆಸುವುದು. ಒಪ್ಪಂದ ಕೆಳಗಿನ ಗೆರೆಯನ್ನು ಮಾತ್ರ ಎಳೆಯುತ್ತದೆ, ಮೇಲೆ ಕೊಡುವುದನ್ನು ತಡೆಯುವುದಿಲ್ಲ.

ಮುಷ್ಕರದ ಭಯವೂ ನಿಮಗಿರಬಹುದು. 22,000 ಪಗಾರದವನಿಗೆ 26 ದಿನದ ಲೆಕ್ಕದಲ್ಲಿ ದಿನಕ್ಕೆ ಸುಮಾರು 846 ರೂಪಾಯಿ. ಹತ್ತು ದಿನ ಹೊರಗೆ ಕೂತರೆ 8,460 ಹೋಯಿತು. ಮುಷ್ಕರಕ್ಕೆ ಈಗ 14 ದಿನದ ಮುಂಚಿತ ನೋಟಿಸ್ ಬೇಕು, ಸಂಧಾನ ನಡೆಯುವಾಗ ಮತ್ತು ಅದು ಮುಗಿದು 7 ದಿನದವರೆಗೆ ಹೂಡುವಂತಿಲ್ಲ. ಅರ್ಧದಷ್ಟು ಕೆಲಸಗಾರರು ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೂ ಮುಷ್ಕರವೇ. ಅಕ್ರಮ ಮುಷ್ಕರಕ್ಕೆ ಕೆಲಸಗಾರನ ಮೇಲೆ 1,000ದಿಂದ 10,000 ರೂಪಾಯಿ ದಂಡ, ಒಂದು ತಿಂಗಳವರೆಗೆ ಸಜೆಯೂ ಆಗಬಹುದು. ಹತ್ತು ಜನ ಕೂಡಿ ನೋಟಿಸಿಲ್ಲದೆ ಗೈರಾದರೆ ಎಂಟು ದಿನದವರೆಗಿನ ಪಗಾರ ಕಡಿತದ ಅವಕಾಶವೂ ಇದೆ. ಇದನ್ನೆಲ್ಲ ಬಲ್ಲ ಯೂನಿಯನ್ ಮುಷ್ಕರವನ್ನು ಕೊನೆಗೆ ಇಡುತ್ತದೆ. ಮೊದಲ ವಾರವೇ ‘ಗೇಟ್ ಬಂದ್’ ಎನ್ನುವ ಮುಂದಾಳಿಗೆ ಕಾಗದಪತ್ರದ ಕೆಲಸ ಬರುವುದಿಲ್ಲ ಎಂದೇ ತಿಳಿಯಿರಿ.

ನಿಮ್ಮಲ್ಲಿರುವ 70 ಗುತ್ತಿಗೆಯವರನ್ನು ಮರೆಯಬೇಡಿ. ನಿವೃತ್ತಿಯಾದ ಪ್ರತಿ ಕಾಯಂ ಜಾಗಕ್ಕೂ ಗುತ್ತಿಗೆಯವನೇ ಬಂದರೆ 180 ಇಳಿಯುತ್ತ ಹೋಗುತ್ತದೆ, ಚೌಕಾಶಿಯ ಬಲವೂ ಇಳಿಯುತ್ತದೆ. ಖಾಲಿಯಾದ ಜಾಗ ತುಂಬುವ ಕಲಮು ಇಲ್ಲದ ಒಪ್ಪಂದ ಇಂದಿನವರಿಗೆ ಸಿಹಿ ಹಂಚಿ ನಾಳಿನವರ ಊಟ ಕಸಿದಂತೆ. ಅಮರಗೋಳದ ಎಪಿಎಂಸಿಯಲ್ಲೋ ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲೋ ಹಮಾಲರಿಗೆ ಕಾಯಂ ಮಾಲಕನೆಂಬವನೇ ಇಲ್ಲ. ಚೀಲ ಇಳಿಸುವ, ಏರಿಸುವ ದರ ಅಡತಿಯವರೊಂದಿಗೆ (ಕಮಿಷನ್ ವರ್ತಕರೊಂದಿಗೆ) ಎಲ್ಲರ ಪರವಾಗಿ ಒಮ್ಮೆಗೇ ತೀರ್ಮಾನವಾಗಬೇಕು, ಇಲ್ಲದಿದ್ದರೆ ಒಬ್ಬ ಹಮಾಲ ಒಂದು ರೂಪಾಯಿ ಹೆಚ್ಚು ಕೇಳಿದ ಕ್ಷಣ ಪಕ್ಕದವನಿಗೆ ಕರೆ ಹೋಗುತ್ತದೆ. ನಿಮ್ಮ ಗುತ್ತಿಗೆ ಗೆಳೆಯರ ಸ್ಥಿತಿ ಅದಕ್ಕೆ ಬಹಳ ದೂರವಿಲ್ಲ.

ಚಂದಾ ಕೊಡುವ ಮುಂಚೆ ಯೂನಿಯನ್ ಕಚೇರಿಗೆ ಹೋಗಿ ನೋಂದಣಿ ಪ್ರಮಾಣಪತ್ರ, ಬೈಲಾ, ಕಳೆದ ವರ್ಷ ಸರಕಾರಕ್ಕೆ ಸಲ್ಲಿಸಿದ ವಾರ್ಷಿಕ ಲೆಕ್ಕ, ಮತ್ತು ಚಾಲ್ತಿಯಲ್ಲಿರುವ ಒಪ್ಪಂದದ ಪೂರ್ಣ ಪ್ರತಿ ಕೇಳಿ. ಲೆಕ್ಕದ ಪುಸ್ತಕ ನೋಡುವುದು ಸದಸ್ಯನ ಹಕ್ಕು. 3,000 ರೂಪಾಯಿ ಬೈಲಾದಲ್ಲಿದೆಯೇ, ಅಥವಾ ಸಾಮಾನ್ಯ ಸಭೆಯ ಠರಾವಿನಲ್ಲಿದೆಯೇ ನೋಡಿ. ಎರಡರಲ್ಲೂ ಇಲ್ಲದಿದ್ದರೆ ಕೊಡಬೇಡಿ. ತಿಂಗಳ ಚಂದಾ ಪಗಾರದಲ್ಲೇ ಕಡಿತವಾಗಬೇಕೆಂದರೆ ನಿಮ್ಮ ಲಿಖಿತ ಒಪ್ಪಿಗೆ ಬೇಕು, ನಗದಾಗಿ ಕೊಟ್ಟರೆ ರಸೀದಿ ತೆಗೆದುಕೊಳ್ಳಿ. 92ರ ಎಣಿಕೆಯ ದಿನ ನೀವು ಸದಸ್ಯ ಎಂಬುದಕ್ಕೆ ಕೈಯಲ್ಲಿ ಕಾಗದ ಇರಬೇಕು. ಮೂರು ವರ್ಷದ ಚಂದಾ 3,600, ಒಪ್ಪಂದದ 3,000 ಸೇರಿ 6,600. ಒಪ್ಪಂದದ ಮೊದಲ ವರ್ಷದಲ್ಲಿ ತಿಂಗಳಿಗೆ 4,622 ಕೈಗೆ ಬರುವ ಏರಿಕೆಯಾದರೆ ಅದು ಎರಡು ತಿಂಗಳೊಳಗೆ ಹುಟ್ಟುತ್ತದೆ.

ಒಪ್ಪಂದದ ಪ್ರತಿ ಕೈಗೆ ಬಂದ ಕೂಡಲೇ ಮುಗಿಯುವ ದಿನಾಂಕ ಗುರುತು ಹಾಕಿಕೊಳ್ಳಿ. ಆ ದಿನ ದಾಟಿದರೆ ಹಳೆಯ ಸೌಲಭ್ಯ ನಿಂತುಹೋಗುವುದಿಲ್ಲ. ಹೊಸ ಒಪ್ಪಂದ ಬರುವವರೆಗೆ ಹಳೆಯದೇ ನಡೆಯುತ್ತದೆ ಎಂದು 1980ರ ಎಲ್‌ಐಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೋಗುವುದು ಬಾಕಿ ಹಣ. ಹೊಸ ಒಪ್ಪಂದ ಹದಿನಾಲ್ಕು ತಿಂಗಳು ತಡವಾಗಿ ‘ಸಹಿಯಾದ ದಿನದಿಂದ’ ಜಾರಿ ಎಂದಾದರೆ ಆ ಹದಿನಾಲ್ಕು ತಿಂಗಳ ಏರಿಕೆ, ಮೇಲಿನ ಲೆಕ್ಕದಲ್ಲಿ 64,708 ರೂಪಾಯಿ, ಯಾರಿಗೂ ಸಿಗುವುದಿಲ್ಲ. ಮುಗಿಯುವ ದಿನಕ್ಕೆ ಎರಡು ತಿಂಗಳು ಮುಂಚೆಯೇ ಬೇಡಿಕೆ ಪಟ್ಟಿ ಸಲ್ಲಿಸಿ, ಹಳೆಯದು ಮುಗಿದ ಮರುದಿನದಿಂದಲೇ ಬಾಕಿ ಎಂಬ ಬೇಡಿಕೆಯನ್ನು ಅದರಲ್ಲಿ ಮೊದಲಿಗೇ ಬರೆಸಿ.